ಪವಳಾ ಬಿಟ್ಟದ್ದೇನು?

ರಾಕ್ ತಾರೆಯರ ಪ್ರೇಮಕಾದಂಬರಿಗಳಲ್ಲಿ ಊರೆಲ್ಲ ಹಂಬಲಿಸುವ ಗಾಯಕ ಒಬ್ಬಳಿಗಾಗಿ ಎಲ್ಲವನ್ನೂ ಬಿಡಲು ಸಿದ್ಧನಾಗುತ್ತಾನೆ. ಮರಾಠಿ ತಮಾಶಾ ರಂಗದಲ್ಲಿ ಇಂಥದೊಂದು ನಿಜಕಥೆಯಿದೆ. 1866ರಲ್ಲಿ ಹುಟ್ಟಿದ ಶ್ರೀಧರ ಕುಲಕರ್ಣಿ ಎಂಬ ಬ್ರಾಹ್ಮಣರು ಲಾವಣಿಯ ಹುಚ್ಚಿಗೆ ಮನೆ, ಜಾತಿ ತೊರೆದು ಪಠ್ಠೆ ಬಾಪೂರಾವ್ ಆದರು. ಮಹಾರ್ ಸಮುದಾಯದ ನರ್ತಕಿ ಪವಳಾ ಅವರ ಸಂಗಾತಿಯಾದರು, ಜೋಡಿ ಮನೆಮಾತಾಯಿತು. 1945ರಲ್ಲಿ ಬಾಪೂರಾವ್ ಪುಣೆಯಲ್ಲಿ ಬಡತನದಲ್ಲೇ ತೀರಿಕೊಂಡರು. 1950ರಲ್ಲಿ ಅವರ ಹೆಸರಿನಲ್ಲೇ ಸಿನಿಮಾ ಬಂತು.

ಜನ ನೆನೆಯುವುದು ಅವರ ತ್ಯಾಗವನ್ನೇ. ಆದರೆ 1927ರ ಮಹಾಡ್ ಸತ್ಯಾಗ್ರಹಕ್ಕೆಂದು ಅವರು ಕೊಡಹೋದ ತಮಾಶಾ ಹಣವನ್ನು ಅಂಬೇಡ್ಕರ್ ಮುಟ್ಟಲಿಲ್ಲ: ಅದು ಮಹಾರ್ ಹೆಂಗಸರನ್ನು ಕುಣಿಸಿ ಗಳಿಸಿದ್ದು.

ಬಾಪೂರಾವ್ ಜಾತಿ ಬಿಟ್ಟರು, ಅದೇ ಅವರಿಗೆ ಕೀರ್ತಿ ತಂದಿತು. ಪವಳಾ ಬಿಡುತ್ತೇನೆಂದರೂ ಜಾತಿ ಅವರನ್ನು ಬಿಡುತ್ತಿರಲಿಲ್ಲ.