ಜರ್ಮನ್ ಉಚ್ಚಾರಕ್ಕೆ ಬಜೆ, ಗೋಲಿ, 'ಖ'ಕಾರ: ಈ ಫಾರ್ವರ್ಡ್ ಸಲಹೆಗಳು ಎಷ್ಟು ಸರಿ?

ಮಡಿಕೇರಿಯ ಓದುಗರೊಬ್ಬರು ನಮಗೊಂದು ವಾಟ್ಸ್ಆ್ಯಪ್ ಫಾರ್ವರ್ಡ್ ಕಳಿಸಿ "ಇದು ನಿಜವೇ?" ಎಂದು ಕೇಳಿದ್ದಾರೆ. ನರ್ಸಿಂಗ್ ಮುಗಿಸಿರುವ ಅವರ ಮಗಳು ಜರ್ಮನಿಯಲ್ಲಿ ಕೆಲಸ ಮಾಡುವ ಆಸೆಯಿಂದ ಭಾಷೆ ಕಲಿಯುತ್ತಿದ್ದಾರೆ. ಫಾರ್ವರ್ಡ್‌ನಲ್ಲಿ ನಾಲ್ಕು ಮಾತುಗಳಿವೆ:

1. ಜರ್ಮನ್‌ನಲ್ಲಿ 'ಸಿಎಚ್' ಬಂದಲ್ಲೆಲ್ಲ ಕನ್ನಡದ 'ಖ' ಹೇಳಿದರೆ ಸಾಕು.
2. 'ಆರ್' ಅಕ್ಷರ ಬರದಿದ್ದರೆ ಜರ್ಮನರಿಗೆ ನಿಮ್ಮ ಮಾತು ಅರ್ಥವಾಗುವುದಿಲ್ಲ. ದಿನವೂ ಗಂಟಲು ಕೆರೆದು ಅಭ್ಯಾಸ ಮಾಡಿ.
3. ನಾಲಿಗೆ ಕೆಳಗೆ ಗೋಲಿ ಇಟ್ಟುಕೊಂಡು ಓದಿ, ಇಲ್ಲವೇ ಬಜೆ ತೇಯ್ದು ನಾಲಿಗೆಗೆ ಹಚ್ಚಿ.
4. 20 ವರ್ಷ ದಾಟಿದವರಿಗೆ ಈ ಸದ್ದುಗಳು ಬರುವುದೇ ಇಲ್ಲ.

ಚುಟುಕಾಗಿ ಹೇಳುವುದಾದರೆ ನಾಲ್ಕೂ ತಪ್ಪು. ಮೂರನೆಯದು ಅಪಾಯಕಾರಿ ಕೂಡ.

ಉಚ್ಚಾರ ಇಷ್ಟು ಮುಖ್ಯವೇ?

ಜರ್ಮನಿಯಲ್ಲಿ ನರ್ಸ್ ಆಗಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಗೊಯಥೆ ಸಂಸ್ಥೆಯ (ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನ) ಬಿ2 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳಿವೆ. ಪ್ರತಿಯೊಂದರಲ್ಲೂ 100ಕ್ಕೆ 60 ಅಂಕ ಬರಬೇಕು.

ಪರೀಕ್ಷೆಗಿಂತ ದೊಡ್ಡದು ವಾರ್ಡಿನ ಕೆಲಸ. ಜರ್ಮನ್‌ನಲ್ಲಿ 15 ಎಂದರೆ 'ಫ್ಯುನ್ಫ್‌ತ್ಸೇನ್', 50 ಎಂದರೆ 'ಫ್ಯುನ್ಫ್‌ತ್ಸಿಹ್ಯ್'. ಎರಡಕ್ಕೂ ವ್ಯತ್ಯಾಸ ಇರುವುದು ಪದದ ಕೊನೆಯಲ್ಲಿ ಮಾತ್ರ. ಆ ಕೊನೆಯನ್ನು ನುಂಗಿ ಹೇಳಿದರೆ 15 ಮಿಲಿಗ್ರಾಂ ಔಷಧಿಯೋ 50 ಮಿಲಿಗ್ರಾಂ ಔಷಧಿಯೋ ಎಂಬ ಗೊಂದಲವಾಗುತ್ತದೆ. ಹಾಗಾಗಿ ಕಷ್ಟದ ವ್ಯಂಜನಗಳ ಅಭ್ಯಾಸವನ್ನು ಬರೀ ಶೋಕಿ ಅನ್ನುವಂತಿಲ್ಲ.

'ಸಿಎಚ್' ಎಂದರೆ 'ಖ' ಅಲ್ಲವೇ?

ಅಲ್ಲ. ಅದು ಒಂದು ಸದ್ದೂ ಅಲ್ಲ, ಎರಡು. ಈ ಲೇಖನದಲ್ಲಿ ಗಂಟಲ ಕಡೆಯ ಸದ್ದಿಗೆ 'ಖ಼್' ಎಂದೂ ಮೃದು ಸದ್ದಿಗೆ 'ಹ್ಯ್' ಎಂದೂ ಬರೆದಿದ್ದೇವೆ. ಇವು ದಾರಿ ತೋರುವ ಗುರುತುಗಳಷ್ಟೇ.

ಗಂಟಲ ಸದ್ದು: ಎ, ಒ, ಯು, ಎಯು ಅಕ್ಷರಗಳ ನಂತರ ಬರುತ್ತದೆ. 'ಬೌಖ಼್' (ಹೊಟ್ಟೆ), 'ಬೂಖ಼್' (ಪುಸ್ತಕ), 'ನಖ಼್ಟ್' (ರಾತ್ರಿ) ಇದಕ್ಕೆ ಉದಾಹರಣೆ. ಕನ್ನಡದ 'ಖ' ಹೇಳುವಾಗ ನಾಲಿಗೆಯ ಹಿಂಭಾಗ ಅಂಗುಳನ್ನು ಪೂರ್ತಿ ಮುಚ್ಚಿ ಒಮ್ಮೆಲೇ ಬಿಡುತ್ತದೆ. ಅದನ್ನು ಮೂರು ಸೆಕೆಂಡು ಎಳೆಯಲು ನೋಡಿ, ಆಗುವುದಿಲ್ಲ. ಜರ್ಮನ್ ಸದ್ದಿನಲ್ಲಿ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಸಣ್ಣ ಸಂದಿಯಲ್ಲಿ ಗಾಳಿ ಉಜ್ಜಿಕೊಂಡು ಹೋಗುತ್ತದೆ. ಅದನ್ನು ಎಳೆಯಬಹುದು. ಮದರಸಾದಲ್ಲಿ ಅರಬ್ಬಿ ಓದಲು ಕಲಿತವರಿಗೆ ಇದಕ್ಕೆ ಹತ್ತಿರದ ಸದ್ದು ಆಗಲೇ ಗೊತ್ತಿರುತ್ತದೆ. 'ನಖ಼್ಟ್' ಬದಲು 'ನಕ್ಟ್' ಎಂದರೆ ರಾತ್ರಿ ಹೋಗಿ 'ಬೆತ್ತಲೆ' ಎಂಬ ಅರ್ಥ ಬರುತ್ತದೆ!

ಮೃದು ಸದ್ದು: ಉಳಿದ ಸ್ವರಗಳ ನಂತರ ಮತ್ತು ಎಲ್, ಎನ್, ಆರ್ ನಂತರ ಬರುತ್ತದೆ. 'ಇಹ್ಯ್' (ನಾನು), 'ನಿಹ್ಯ್ಟ್' (ಅಲ್ಲ) ಇದಕ್ಕೆ ಉದಾಹರಣೆ. 'ಈ' ಎಂದು ಹೇಳಿ ನಾಲಿಗೆಯನ್ನು ಹಾಗೇ ಇಟ್ಟುಕೊಂಡು, ದನಿ ನಿಲ್ಲಿಸಿ ಗಾಳಿ ಮಾತ್ರ ಊದಿ. ಪಿಸುಮಾತಿನಲ್ಲಿ 'ಹೀಗೆ' ಎಂದಾಗ ಬರುವ ಮೊದಲ ಸದ್ದು ಇದಕ್ಕೆ ಹತ್ತಿರ. ಹಲವರು ಇಲ್ಲಿ 'ಶ' ಹೇಳುತ್ತಾರೆ. ಆಗ 'ಕಿರ್ಹ್ಯೆ' (ಚರ್ಚ್) 'ಕಿರ್ಶೆ' (ಚೆರ್ರಿ ಹಣ್ಣು) ಆಗಿಬಿಡುತ್ತದೆ.

'ಆರ್' ಬರದಿದ್ದರೆ ಕೆಲಸ ಕೆಟ್ಟಿತೇ?

ಇಲ್ಲ. ಜರ್ಮನಿಯ ಹೆಚ್ಚಿನ ಕಡೆ 'ಆರ್' ಸದ್ದು ಕಿರುನಾಲಿಗೆಯ ಹತ್ತಿರ ಹುಟ್ಟುತ್ತದೆ, ನಿಜ. ಆದರೆ ಬವೇರಿಯಾದ ಹಲವು ಕಡೆ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡಿನ ಅನೇಕರ ಮಾತಿನಲ್ಲಿ ನಮ್ಮ 'ರ'ದಂತೆ ನಾಲಿಗೆ ತುದಿಯ ಸದ್ದೇ ಕೇಳಿಸುತ್ತದೆ. ಇದರಿಂದ ಅರ್ಥ ಬದಲಾಗುವುದಿಲ್ಲ. ಗಂಟಲು ನೋಯುವವರೆಗೆ ಕೆರೆಯುವ ಅಗತ್ಯವಿಲ್ಲ. ಪದದ ಕೊನೆಯ 'ಆರ್' ಬಹುತೇಕ ಸ್ವರವಾಗಿಬಿಡುತ್ತದೆ ಎಂಬುದನ್ನು ಮಾತ್ರ ನೆನಪಿಡಿ. 'ಫಾಟರ್' (ತಂದೆ) ಕಿವಿಗೆ 'ಫಾಟ' ಎಂಬಂತೆ ಬೀಳುತ್ತದೆ.

ಕನ್ನಡಿಗರು ನಿಜಕ್ಕೂ ಗಮನಿಸಬೇಕಾದದ್ದು ಏನು?

• ಕೊನೆಯ 'ಉ': ನಾವು ಬಸ್ಸು, ಕಾರು, ಟೆಸ್ಟು ಅನ್ನುವವರು. ಅದೇ ರೂಢಿಯಲ್ಲಿ 'ಕೊಪ್ಫ್' (ತಲೆ) 'ಕೊಪ್ಫು' ಆಗುತ್ತದೆ. ಜರ್ಮನ್‌ನಲ್ಲಿ ಕೊನೆಗೆ ಸ್ವರ ಸೇರಿದರೆ ಅರ್ಥವೇ ಬೇರೆಯಾಗಬಹುದು: 'ಟಾಕ್' ಒಂದು ದಿನ, 'ಟಾಗೆ' ಹಲವು ದಿನ.
• ಪದದ ಕೊನೆಯ ಬಿ, ಡಿ, ಜಿ: ಇವು ಪ, ಟ, ಕ ಆಗುತ್ತವೆ. 'ಹುಂಡ್' ಎಂದು ಬರೆದರೂ 'ಹುಂಟ್' (ನಾಯಿ) ಎನ್ನಬೇಕು.
• ಝಡ್: ಇದು 'ತ್ಸ'. ನಮ್ಮ ದಸರಾ 'ಉತ್ಸವ' ಎನ್ನಿ, ಮೊದಲ 'ಉ' ಬಿಡಿ. ಅದೇ ಸದ್ದು 'ತ್ಸಾನ್' (ಹಲ್ಲು) ಪದದ ಆರಂಭದಲ್ಲಿದೆ.
• ಡಬ್ಲ್ಯು, ವಿ: ಡಬ್ಲ್ಯು ಬರೆದಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ 'ವ' ಎನ್ನಿ. ವಿ ಬರೆದಲ್ಲಿ, ಜರ್ಮನ್‌ನದ್ದೇ ಪದಗಳಲ್ಲಿ, 'ಫಾದರ್' ಪದದ 'ಫ' ಬರುತ್ತದೆ.
• ಪಿಎಫ್: ತುಟಿ ಮುಚ್ಚಿ 'ಪ್', ತಡಮಾಡದೆ ಹಲ್ಲು ತುಟಿಗೆ ತಾಗಿಸಿ 'ಫ್'. ನಡುವೆ ಸ್ವರ ನುಸುಳಬಾರದು.

ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಸಾಲದೇ?

ಮೊದಲ ವಾರಕ್ಕೆ ಪರವಾಗಿಲ್ಲ, ಆಮೇಲೆ ಅದೇ ಅಡ್ಡಿ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಡವ ತಕ್ಕ್ ಅನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಆದರೆ ಅದರ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಕನ್ನಡ ಮಾತ್ರ ಬಲ್ಲವರು ಅದನ್ನು ಓದಿದರೆ ಮನೆಮಾತಿನವರು ನಗುತ್ತಾರೆ. ಕಾಗದದ ಮೇಲಿನ ಅಕ್ಷರ ಒಂದು, ಬಾಯಿಯ ಸದ್ದು ಇನ್ನೊಂದು. ಜರ್ಮನ್ ವಿಷಯದಲ್ಲೂ ಅಷ್ಟೇ.

ಗೋಲಿ, ಬಜೆ ಸಹಾಯ ಮಾಡುತ್ತವೆಯೇ?

ಬಾಯಲ್ಲಿ ಗೋಲಿ ಇಟ್ಟು ಮಾತಾಡಿದರೆ ಅದು ಉಸಿರುನಾಳಕ್ಕೆ ಜಾರಬಹುದು. ಗೋಲಿ ಇದ್ದಾಗ ನಾಲಿಗೆ ನಿಲ್ಲುವ ಜಾಗವೂ ಬೇರೆ, ಹಾಗಾಗಿ ಕಲಿಯುವುದೂ ತಪ್ಪು ಜಾಗವನ್ನೇ. ಮಕ್ಕಳ ಮಾತು ಸ್ಪಷ್ಟವಾಗಲೆಂದು ಬಜೆ ತೇಯ್ದು ಹಚ್ಚುವ ರೂಢಿ ನಮ್ಮಲ್ಲಿದೆ. ಆದರೆ ಹೊಸ ಭಾಷೆಯ ಸದ್ದನ್ನು ನಾಲಿಗೆಗೆ ಯಾವ ಬೇರೂ ಕಲಿಸದು. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶದ ಬಗ್ಗೆ ಸುರಕ್ಷತೆಯ ಪ್ರಶ್ನೆಗಳಿವೆ. ಅಮೆರಿಕವು ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿದೆ. ಕನ್ನಡದ ರ, ಲ, ಳ ಹೇಳಲೂ ಕಷ್ಟವಾಗುತ್ತಿದ್ದರೆ ವಾಕ್ ತಜ್ಞರನ್ನು ಕಾಣಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

20 ದಾಟಿದವರಿಗೆ ಬರುವುದಿಲ್ಲವೇ?

ಬರುತ್ತದೆ. ಚಿಕ್ಕಂದಿನಲ್ಲಿ ಕಲಿತಷ್ಟು ಸುಲಭವಲ್ಲ, ಮಾತಿನಲ್ಲಿ ಊರಿನ ಛಾಯೆ ಉಳಿಯಬಹುದು. ಆದರೆ ಛಾಯೆ ಇರುವುದು ಬೇರೆ, ಅರ್ಥವಾಗದಿರುವುದು ಬೇರೆ.

ಇದೇ ದಾರಿಯಲ್ಲಿ ಎದುರುಗಡೆಯಿಂದ ಬಂದವರನ್ನು ನೋಡಿ. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ, 25ನೇ ವಯಸ್ಸಿನಲ್ಲಿ. 1843ರಲ್ಲಿ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಆರಂಭಿಸಿದರು. ಮುಂದೆ ಕೊಡಗಿಗೂ ಬಂದು ಕೆಲಸ ಮಾಡಿ, 1855ರಲ್ಲಿ ಕೊಡಗಿನ ಬಗ್ಗೆ ಪುಸ್ತಕ ಪ್ರಕಟಿಸಿದರು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ ಅವರಿಗೆ 21 ವರ್ಷ. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಜರ್ಮನ್‌ನಲ್ಲಿ ತ–ಟ ಭೇದವಿಲ್ಲ, ಲ–ಳ ಭೇದವೂ ಇಲ್ಲ. ಕತ್ತು–ಕಟ್ಟು, ಹಾಲು–ಹಾಳು ಬೇರೆ ಬೇರೆ ಎಂಬುದನ್ನು ಅವರು ದೊಡ್ಡವರಾದ ಮೇಲೆ ಕಿವಿಯಿಂದ ಕಲಿಯಬೇಕಾಯಿತು.

ಕಿವಿಗೆ ತರಬೇತಿ ಕೊಡಬಹುದು ಎಂಬುದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಇಂಗ್ಲಿಷಿನ ಆರ್ ಮತ್ತು ಎಲ್ ಭೇದ ಗುರುತಿಸಲು ಕಷ್ಟಪಡುತ್ತಿದ್ದ ಜಪಾನಿ ವಯಸ್ಕರಿಗೆ ಹಲವರ ದನಿಯಲ್ಲಿ ಜೋಡಿಪದ ಕೇಳಿಸಿ ತರಬೇತಿ ಕೊಟ್ಟಾಗ ಗುರುತಿಸುವಿಕೆ ಸುಧಾರಿಸಿತು ಎಂದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 1991ರಲ್ಲಿ ವರದಿ ಮಾಡಿದರು. ಇಂಥ ತರಬೇತಿಯಿಂದ ಉಚ್ಚಾರವೂ ಉತ್ತಮವಾಯಿತು ಎಂದು 1997ರ ಅಧ್ಯಯನ ತೋರಿಸಿತು.

ದಿನಕ್ಕೆ 10 ನಿಮಿಷ, ಮೊಬೈಲ್ ಸಾಕು

1. ಒಂದು ವಾರಕ್ಕೆ ಒಂದೇ ಜೋಡಿ ಹಿಡಿಯಿರಿ: ಕಿರ್ಹ್ಯೆ–ಕಿರ್ಶೆ, ನಖ಼್ಟ್–ನಕ್ಟ್, 15–50.
2. ಮೊದಲು ಬೇರೆ ಬೇರೆಯವರ ದನಿಯಲ್ಲಿ ಕೇಳಿ. ಡಾಯ್ಚೆ ವೆಲೆಯ 'ನಿಕೋಸ್ ವೇಗ್' ಕೋರ್ಸ್ ಉಚಿತವಾಗಿದೆ.
3. ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ, ಮೂಲದೊಂದಿಗೆ ಹೋಲಿಸಿ.
4. ಗೆಳತಿಗೆ ವಾಯ್ಸ್ ಮೆಸೇಜ್ ಕಳಿಸಿ, ಜೋಡಿಯಲ್ಲಿ ಯಾವ ಪದ ಕೇಳಿಸಿತೆಂದು ಬರೆದು ಕಳಿಸಲು ಹೇಳಿ. ಕೀಬೋರ್ಡ್ ಭಾಷೆಯನ್ನು ಜರ್ಮನ್ ಮಾಡಿ ಧ್ವನಿ ಟೈಪಿಂಗ್‌ನಲ್ಲೂ ಪರೀಕ್ಷಿಸಬಹುದು. ಅದು ಊಹೆ ಮಾಡಿಯೂ ಬರೆಯುತ್ತದೆ, ಹಾಗಾಗಿ ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ.
5. ಕೆಲಸದ ಜಾಗದಲ್ಲಿ ಔಷಧಿಯ ಪ್ರಮಾಣವನ್ನು ಯಾವಾಗಲೂ ಬಿಡಿ ಅಂಕಿಗಳಲ್ಲಿ ಮತ್ತೊಮ್ಮೆ ಹೇಳಿ, ಬರಹದಲ್ಲೂ ಖಚಿತಪಡಿಸಿಕೊಳ್ಳಿ. ಉಚ್ಚಾರ ಎಷ್ಟೇ ಚೆನ್ನಾಗಿದ್ದರೂ ಈ ಅಭ್ಯಾಸ ಬಿಡಬೇಡಿ.

ನಮ್ಮ ತೀರ್ಮಾನ

'ಸಿಎಚ್' ಎಲ್ಲೆಡೆ 'ಖ' ಎಂಬುದು ತಪ್ಪು. 'ಆರ್' ಬಗೆಗಿನ ಭಯ ಉತ್ಪ್ರೇಕ್ಷೆ. ಗೋಲಿ, ಬಜೆಯ ಸಲಹೆಗೆ ಆಧಾರವಿಲ್ಲ, ಅಪಾಯವಿದೆ. ವಯಸ್ಸಿನ ಮಾತು ತಪ್ಪು. ಆ ಓದುಗರ ಮಗಳಿಗೆ ನಾವು ಹೇಳುವುದು ಇಷ್ಟೇ: ನಿಮ್ಮ ನಾಲಿಗೆಯಲ್ಲಿ ಕೊರತೆಯಿಲ್ಲ, ಮೊದಲು ಕಿವಿಗೆ ಕೆಲಸ ಕೊಡಿ. ಈ ಫಾರ್ವರ್ಡ್ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಈ ಲೇಖನ ಕಳಿಸಿ.