ನೆರಳು ಬರೆದ ಚಿತ್ರ: ಲೆನ್ ಲೈ ಮತ್ತು ಕ್ಯಾಮೆರಾ ಇಲ್ಲದ ಛಾಯಾಗ್ರಹಣ

ಫೋಟೋಗ್ರಫಿ ಎಂಬ ಗ್ರೀಕ್ ಮೂಲದ ಪದಕ್ಕೆ ಬೆಳಕಿನಿಂದ ಬರೆಯುವುದು ಎಂದು ಅರ್ಥ. ಅದಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರು ಛಾಯಾಚಿತ್ರ, ಎಂದರೆ ನೆರಳಿನ ಚಿತ್ರ. ನಮ್ಮ ಈ ಪದಕ್ಕೇ ಹೆಚ್ಚು ಒಪ್ಪುವಂಥ ಚಿತ್ರಗಳನ್ನು ಮಾಡಿದ ಕಲಾವಿದರೊಬ್ಬರು, ನಾವು ಬಂದು ನೆಲೆಸಿರುವ ಈ ನ್ಯೂಜಿಲೆಂಡಿನವರೇ. ಅವರು ಲೆನ್ ಲೈ. ಅವರ ಚಿತ್ರಗಳಿಂದ ನಮ್ಮಂಥ ಹವ್ಯಾಸಿಗಳು ಏನು ಕಲಿಯಬಹುದು ಎಂದು ನೋಡುವುದೇ ಈ ಲೇಖನದ ಉದ್ದೇಶ.

ಲೈ ಹುಟ್ಟಿದ್ದು 1901ರಲ್ಲಿ, ಕ್ರೈಸ್ಟ್‌ಚರ್ಚ್ ನಗರದಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮರುಮದುವೆಯಾದ ಮೇಲೆ, ದೀಪಸ್ತಂಭ ಕಾಯುವ ಕೆಲಸದಲ್ಲಿದ್ದ ಮಲತಂದೆಯ ಜೊತೆ ಮಾರ್ಲ್‌ಬರೋ ಕರಾವಳಿಯ ಕೇಪ್ ಕ್ಯಾಂಪ್‌ಬೆಲ್‌ನಲ್ಲಿ ಕೆಲಕಾಲ ಇದ್ದರು. ಕತ್ತಲೆಯ ಕಡಲಿನ ಮೇಲೆ ಸುತ್ತುವ ಬೆಳಕು ಆ ಹುಡುಗನ ಕಣ್ಣಿಗೆ ದಿನನಿತ್ಯದ ನೋಟವಾಗಿತ್ತು. ಮುಂದೆ ಆಸ್ಟ್ರೇಲಿಯಾ, ಸಮೋವಾಗಳಲ್ಲಿ ಅಲೆದು, ಹಡಗಿನ ಕಲ್ಲಿದ್ದಲು ಕೆಲಸಗಾರರಾಗಿ 1926ರಲ್ಲಿ ಲಂಡನ್ ಸೇರಿದರು. ಅವಕಾಶಗಳನ್ನು ಅರಸಿ ಸಾಗರ ದಾಟುವ ಕಥೆ ನಮಗೆ ಹೊಸದಲ್ಲ. ನಾವು ಈ ಕಡೆಗೆ ಬಂದೆವು, ಅವರು ಆ ಕಡೆಗೆ ಹೋದರು, ಅಷ್ಟೇ.

ಲಂಡನ್ನಿನಲ್ಲಿ ಲೈ ಹೆಸರಾದದ್ದು ಚಲನಚಿತ್ರದಿಂದ. ಬ್ರಿಟಿಷ್ ಅಂಚೆ ಇಲಾಖೆಯ ಚಿತ್ರ ಘಟಕಕ್ಕಾಗಿ 1935ರಲ್ಲಿ ಮಾಡಿದ ‘ಎ ಕಲರ್ ಬಾಕ್ಸ್’ ಚಿತ್ರದಲ್ಲಿ ಅವರು ಕ್ಯಾಮೆರಾವನ್ನೇ ಬಳಸದೆ, ಫಿಲ್ಮಿನ ಮೇಲೆ ನೇರವಾಗಿ ಬಣ್ಣ ಬಳಿದರು. ಮರುವರ್ಷ, 1936ರಲ್ಲಿ, ಲಂಡನ್ನಿನ ಅಂತಾರಾಷ್ಟ್ರೀಯ ಸರ್ರಿಯಲಿಸ್ಟ್ ಪ್ರದರ್ಶನದಲ್ಲಿ ಅವರ ಕೃತಿಗಳಿದ್ದವು. ಲೆಕ್ಕಾಚಾರದ ಬುದ್ಧಿಯನ್ನು ಬದಿಗಿಟ್ಟು, ಕನಸಿನಲ್ಲಾಗುವಂತೆ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳನ್ನು ಒಟ್ಟಿಗೆ ತರುವುದು ಸರ್ರಿಯಲಿಸಂ ಪಂಥದ ಹಾದಿ. ಲೈ ಯಾವ ಪಂಥಕ್ಕೂ ಪೂರ್ತಿ ಸೇರಿದವರಲ್ಲ. ಕಲೆ ಹುಟ್ಟುವುದು ದೇಹದ ಆಳದಲ್ಲಿರುವ ‘ಹಳೆಯ ಮೆದುಳಿ’ನಿಂದ ಎಂದು ಅವರು ಹೇಳುತ್ತಿದ್ದರು. ವೈದ್ಯಶಾಸ್ತ್ರ ಓದಿದ ನಾವು ಆ ಮಾತನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ; ಅವರ ಕೃತಿಗಳನ್ನು ನೋಡಿದಾಗ ಮಾತಿನ ಒಳದನಿ ತಿಳಿಯುತ್ತದೆ.

ಅವರ ನೆರಳಿನ ಚಿತ್ರಗಳಿಗೆ ಫೋಟೋಗ್ರಾಂ ಎಂದು ಹೆಸರು. ಕತ್ತಲೆ ಕೋಣೆಯಲ್ಲಿ ಬೆಳಕಿಗೆ ಸ್ಪಂದಿಸುವ ಕಾಗದವನ್ನು ಹಾಸಿ, ಅದರ ಮೇಲೆ ವಸ್ತುವನ್ನಿಟ್ಟು, ಒಂದು ಕ್ಷಣ ದೀಪ ಹಾಯಿಸಿ ಆರಿಸುತ್ತಾರೆ. ರಾಸಾಯನಿಕದಲ್ಲಿ ತೊಳೆದಾಗ ಬೆಳಕು ಬಿದ್ದ ಭಾಗ ಕಪ್ಪಾಗುತ್ತದೆ, ವಸ್ತು ಮರೆಮಾಡಿದ ಭಾಗ ಬಿಳಿಯಾಗಿ ಉಳಿಯುತ್ತದೆ. ಈ ವಿದ್ಯೆ ಛಾಯಾಗ್ರಹಣದಷ್ಟೇ ಹಳೆಯದು. ಇಂಗ್ಲೆಂಡಿನ ಟಾಲ್ಬಟ್ 1830ರ ದಶಕದಲ್ಲೇ ಎಲೆ ಮತ್ತು ಕಸೂತಿಗಳನ್ನು ಹೀಗೆ ಅಚ್ಚೊತ್ತಿದ್ದರು. 1920ರ ದಶಕದಲ್ಲಿ ಪ್ಯಾರಿಸ್ಸಿನ ಮ್ಯಾನ್ ರೇ ಇದನ್ನು ಸರ್ರಿಯಲಿಸ್ಟರ ಕೈಗೆ ಒಪ್ಪಿಸಿದರು. ಲೈ 1930ರಲ್ಲಿ ಇದನ್ನು ಕೈಗೆತ್ತಿಕೊಂಡರು. 1944ರಲ್ಲಿ ನ್ಯೂಯಾರ್ಕಿಗೆ ಹೋದ ಮೇಲೆ, 1947ರಲ್ಲಿ, ಅದರಿಂದಲೇ ಭಾವಚಿತ್ರಗಳ ಒಂದು ಮಾಲೆ ಮಾಡಿದರು. ಕುಳಿತವರು ಸಾಮಾನ್ಯರಲ್ಲ: ಕವಿ ಆಡೆನ್, ಚಿತ್ರಕಾರ ಮಿರೋ, ಚಂಡೀಗಢದ ನಗರ ಯೋಜನೆಯಿಂದ ಭಾರತೀಯರೆಲ್ಲರಿಗೂ ಪರಿಚಿತರಾದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ, ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್. ಅವರ ತಲೆಯನ್ನೇ ಕಾಗದಕ್ಕೆ ಒರಗಿಸಿ ಬೆಳಕು ಹಾಯಿಸಿದರು. ಕಣ್ಣಿಲ್ಲ, ನಗುವಿಲ್ಲ, ಪಕ್ಕಮುಖದ ಗೆರೆ ಮಾತ್ರ. ಓಕೀಫ್ ಅವರ ನೆರಳಿನೊಡನೆ ಜಿಂಕೆಯ ಕೊಂಬು ಸೇರಿದೆ. ಮರುಭೂಮಿಯಲ್ಲಿ ಸಿಕ್ಕ ಎಲುಬು, ಕೊಂಬುಗಳನ್ನು ಚಿತ್ರಿಸಿದವರಿಗೆ ಅದು ಒಡವೆಯಂತೆ ಒಪ್ಪುತ್ತದೆ.

ವೈದ್ಯರಾದ ನಮಗೆ ಈ ಚಿತ್ರಗಳು ಕೂಡಲೇ ಎಕ್ಸ್-ರೇಯನ್ನು ನೆನಪಿಗೆ ತರುತ್ತವೆ. 1895ರ ಡಿಸೆಂಬರಿನಲ್ಲಿ ರಾಂಟ್‌ಜೆನ್ ತೆಗೆದ ತಮ್ಮ ಪತ್ನಿಯ ಕೈಯ ಚಿತ್ರವೂ ನೆರಳೇ. ಎಲುಬು ಮತ್ತು ಉಂಗುರದ ನೆರಳು. ಎಕ್ಸ್-ರೇ ಓದಲು ಕಲಿಯುವಾಗ ಮೊದಲ ಪಾಠವೇ ಇದು: ಫಿಲ್ಮಿಗೆ ಹತ್ತಿರವಿದ್ದುದು ಚೂಪಾಗಿ ಮೂಡುತ್ತದೆ, ದೂರವಿದ್ದುದು ಹಿಗ್ಗಿ ಮಸುಕಾಗುತ್ತದೆ. ಎದೆಯ ಚಿತ್ರ ತೆಗೆಯುವಾಗ ರೋಗಿಯ ಎದೆಯನ್ನು ಫಿಲ್ಮಿನ ಕಡೆಗೆ ಒತ್ತಿ ನಿಲ್ಲಿಸುವುದು ಹೃದಯದ ನೆರಳು ಹಿಗ್ಗದಿರಲೆಂದು. ಫೋಟೋಗ್ರಾಂನಲ್ಲೂ ಇದೇ ನಿಯಮ. ಹಾಗೆಯೇ ಬೆಳಕನ್ನು ಅರೆಬರೆ ಬಿಡುವ ವಸ್ತು ಬೂದುಛಾಯೆ ಕೊಡುತ್ತದೆ. ತೊಗಲುಗೊಂಬೆ ಆಟ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಪರದೆಗೆ ಒತ್ತಿ ಹಿಡಿದ ಗೊಂಬೆ ಸ್ಪಷ್ಟ, ಹಿಂದೆ ಸರಿದದ್ದು ಮಸುಕು, ಹದ ಮಾಡಿದ ತೆಳು ತೊಗಲಿನಿಂದ ಬಣ್ಣ ಸೋಸಿ ಬರುತ್ತದೆ.

ಹಾಗಾದರೆ ಲೈ ಅವರಿಂದ ನಾವು ಕಲಿಯುವುದೇನು? ಒಂದು, ಮುಖ ತೋರಿಸದೆಯೂ ವ್ಯಕ್ತಿಯನ್ನು ತೋರಿಸಬಹುದು. ಎರಡು, ವ್ಯಕ್ತಿಯ ಜೊತೆಗಿಡುವ ಒಂದು ವಸ್ತು, ಸರಿಯಾಗಿ ಆರಿಸಿದರೆ, ಹತ್ತು ಮಾತು ಹೇಳುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಫೋಟೋಗ್ರಾಂ ದೂರದಿಂದ ತೆಗೆದದ್ದಲ್ಲ, ಮುಟ್ಟಿ ಆದದ್ದು. ಆ ಕಾಗದವನ್ನು ಆ ಮನುಷ್ಯ ಮುಟ್ಟಿದ್ದರು. ಗೃಹಪ್ರವೇಶದ ದಿನ ಬಾಗಿಲ ಬಳಿ ಒತ್ತುವ ಅರಿಸಿನ ಕುಂಕುಮದ ಕೈಯಚ್ಚಿಗೆ ಇರುವ ಬೆಲೆ ಇದಕ್ಕೂ ಉಂಟು.

ನಮ್ಮಂಥವರಿಗೆ ಇದು ಬರಿಯ ಕಲೆಯ ಮಾತಲ್ಲ. ಊರಿನಿಂದ ಅಪ್ಪ ಅಮ್ಮ ಬಂದು ಕೆಲವು ತಿಂಗಳಿದ್ದು ಹೊರಡುತ್ತಾರೆ. ಸ್ಕೈ ಟವರ್ ಮುಂದೆ, ರೋಟರೂವಾದ ಬಿಸಿನೀರಿನ ಬುಗ್ಗೆಗಳ ಮುಂದೆ ನಿಲ್ಲಿಸಿ ಫೋನಿನಲ್ಲಿ ಸಾವಿರ ಚಿತ್ರ ತೆಗೆಯುತ್ತೇವೆ. ಅವುಗಳಲ್ಲಿ ಸ್ಥಳ ಕಾಣುತ್ತದೆ, ಸ್ವೆಟರ್ ಕಾಣುತ್ತದೆ. ಹಿಟ್ಟು ನಾದಿ, ಹೂ ಕಟ್ಟಿ, ನಮ್ಮ ತಲೆ ನೇವರಿಸಿದ ಆ ಕೈ ಮಾತ್ರ ಎಲ್ಲೂ ಉಳಿಯುವುದಿಲ್ಲ.

ಕತ್ತಲೆ ಕೋಣೆ ಇಲ್ಲದವರಿಗೂ ದಾರಿಯಿದೆ. 1842ರಲ್ಲಿ ಹರ್ಷೆಲ್ ಕಂಡುಹಿಡಿದ ನೀಲಿ ಅಚ್ಚಿನ ವಿಧಾನವೇ ಮುಂದೆ ಇಂಜಿನಿಯರುಗಳ ಬ್ಲೂಪ್ರಿಂಟ್ ಆಯಿತು. ಆ ಲೇಪವಿರುವ ಕಾಗದ ಸಿದ್ಧವಾಗಿಯೇ ಸಿಗುತ್ತದೆ. ನೆರಳಿನಲ್ಲಿ ಕಾಗದ ತೆಗೆದು, ಅಜ್ಜಿಯ ಕೈ ಅದರ ಮೇಲಿರಿಸಿ, ಪಕ್ಕದಲ್ಲಿ ಅವರ ಕನ್ನಡಕವನ್ನೋ ಗಾಜಿನ ಬಳೆಯನ್ನೋ ಚಕ್ಕುಲಿ ಒರಳಿನ ಬಿಲ್ಲೆಯನ್ನೋ ಇಡಿ. ಈ ನಾಡಿನ ಒಂದು ಜರೀಗಿಡದ ಗರಿಯನ್ನೂ ಸೇರಿಸಿ. ಇಲ್ಲಿಯ ಬೇಸಿಗೆಯ ಬಿಸಿಲು ಎಷ್ಟು ಚುರುಕೆಂದು ನಮ್ಮ ಚರ್ಮಕ್ಕೇ ಗೊತ್ತು. ಕೆಲವೇ ನಿಮಿಷ ಸಾಕು. ಟೋಪಿ ಮಾತ್ರ ಮರೆಯಬೇಡಿ, ಇದು ವೈದ್ಯರ ಸಲಹೆ. ಬರಿಯ ನೀರಿನಲ್ಲಿ ತೊಳೆದರೆ ನೀಲಿಯ ನಡುವೆ ಬಿಳಿ ಕೈ ಮೂಡುತ್ತದೆ. ಬೆರಳು ನಡುಗಿದ್ದರೆ ಅಂಚು ಮಸುಕಾಗಿರುತ್ತದೆ. ಅದು ದೋಷವಲ್ಲ; ಆ ನಡುಕವೂ ಅವರದೇ ಸಹಿ.

ಲೈ 1980ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಆದರೆ ಅವರ ಕೃತಿಗಳ ಸಂಗ್ರಹ ತಾಯ್ನಾಡಿಗೆ ಮರಳಿತು. ನ್ಯೂಪ್ಲಿಮತ್ ಊರಿನಲ್ಲಿ ಗೋವೆಟ್-ಬ್ರೂಸ್ಟರ್ ಕಲಾಶಾಲೆಗೆ ಸೇರಿದಂತೆ 2015ರಲ್ಲಿ ಲೆನ್ ಲೈ ಕೇಂದ್ರ ತೆರೆಯಿತು. ಕನ್ನಡಿಯಂತೆ ಹೊಳೆಯುವ ಉಕ್ಕಿನ ಗೋಡೆಯ ಆ ಕಟ್ಟಡವನ್ನು ಟಾರನಾಕಿ ಪರ್ವತ ನೋಡಲು ಹೋಗುವ ನಮ್ಮ ಕುಟುಂಬಗಳು ತಪ್ಪದೆ ಕಾಣಬೇಕು. ಮುಂದಿನ ವಾರ್ಷಿಕೋತ್ಸವದ ವೇಳೆಗೆ ಮನೆಮನೆಯಿಂದಲೂ ಒಂದೊಂದು ನೀಲಿ ಹಾಳೆ ಬಂದು ನಮ್ಮ ಸಭಾಂಗಣದ ಗೋಡೆ ತುಂಬಲಿ. ಆ ಹಿರಿಯರು ಇಲ್ಲಿಗೆ ಬಂದಿದ್ದರು, ಇಲ್ಲಿ ಕೈಯಿಟ್ಟಿದ್ದರು ಎಂಬುದಕ್ಕೆ ನಮ್ಮ ಮಕ್ಕಳಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.