ಬರಡು ನೆಲದ ಚಿತ್ರ

ಮರುಭೂಮಿಯ ಚಿತ್ರ ಬರೆಯುವುದು ಸುಲಭವೆಂದು ಬಹುಮಂದಿ ತಿಳಿದಿದ್ದಾರೆ. ಮರವಿಲ್ಲ, ಮನೆಯಿಲ್ಲ, ಮನುಷ್ಯನ ಮುಖವನ್ನು ಹೋಲಿಸುವ ಗೊಡವೆಯಿಲ್ಲ. ಮೇಲೊಂದು ಆಕಾಶ, ಕೆಳಗೊಂದು ಮರಳಿನ ಹರಹು, ನಡುವೆ ಒಂದು ಗೆರೆ. ಆದರೆ ಕೆಲವು ವರ್ಷಗಳಿಂದ ಅಕ್ರಿಲಿಕ್ ಬಣ್ಣಗಳಲ್ಲಿ ಇಂಥ ಚಿತ್ರಗಳನ್ನು ಬರೆಯುತ್ತ ಬಂದಿರುವ ನನಗೆ, ಖಾಲಿ ನೆಲವನ್ನು ಚಿತ್ರಿಸುವವನು ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರನೆಂದು ತೋರಿದೆ. ಈ ನೆಲ ಮೊದಲಿನಿಂದಲೂ ಖಾಲಿಯಾಗಿತ್ತೆ, ಅಥವಾ ಯಾರಾದರೂ ಅದನ್ನು ಖಾಲಿ ಮಾಡಿದರೆ? ಈ ಪ್ರಶ್ನೆ ಎದ್ದ ಕ್ಷಣದಲ್ಲಿ ನಿಸರ್ಗಚಿತ್ರ ರಾಜಕೀಯದ ಮಾತಾಗುತ್ತದೆ. ಚಿತ್ರಕಾರನಿಗೆ ಅದು ಬೇಕಿರಲಿ, ಬೇಡವಾಗಿರಲಿ.

ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಚೆನ್ನಾಗಿ ಕೇಳಿದ ಚಿತ್ರ ಯಾವ ಕಲಾಶಾಲೆಯ ಗೋಡೆಯ ಮೇಲೂ ಇಲ್ಲ. ಅದು ಬೆಂಗಳೂರಿನ ಪಶ್ಚಿಮದಂಚಿನ ಹೇರೋಹಳ್ಳಿಯಲ್ಲಿ, ತುಂಗಾನಗರದ ಮುಖ್ಯರಸ್ತೆಯ ಮೇಲೆ, 2019ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕಾಣಿಸಿಕೊಂಡಿತು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಅದರ ಕರ್ತೃ. ಬೆಳ್ಳಿಬಣ್ಣದ ಉಡುಪು ತೊಟ್ಟ ಗಗನಯಾತ್ರಿಯೊಬ್ಬ ಕುಳಿಗಳಿಂದ ತುಂಬಿದ ಬೂದಿಬಣ್ಣದ ನೆಲದ ಮೇಲೆ ಮೆಲ್ಲಮೆಲ್ಲನೆ, ತೂಕವಿಲ್ಲದವನಂತೆ ಹೆಜ್ಜೆಯಿಡುತ್ತಾನೆ. ಸುತ್ತಲೂ ಕತ್ತಲೆ. ನೋಡುವವರು ಚಂದ್ರಲೋಕವೆಂದೇ ನಂಬಿರುವಾಗ, ಪಕ್ಕದಲ್ಲಿ ಒಂದು ಆಟೋರಿಕ್ಷಾ ಹಾದುಹೋಗುತ್ತದೆ! ಗಗನಯಾತ್ರಿಯ ವೇಷದಲ್ಲಿದ್ದವರು ನಟ ಪೂರ್ಣಚಂದ್ರ ಮೈಸೂರು. ಕುಳಿಗಳು ನಗರದ ರಸ್ತೆಯ ಗುಂಡಿಗಳು.

ಈ ವಿನೋದದ ಸೊಗಸು ಪೂರ್ತಿಯಾಗಿ ತಿಳಿಯಬೇಕಾದರೆ ಆ ವಾರದ ಸಂಗತಿಯನ್ನೂ ಆ ಜಾಗದ ನೆರೆಹೊರೆಯನ್ನೂ ನೆನೆಯಬೇಕು. ಅದೇ ವರ್ಷ ಜುಲೈ 22ರಂದು ಹೊರಟ ಚಂದ್ರಯಾನ–2 ಆಗ ಚಂದ್ರನನ್ನು ಸುತ್ತುತ್ತಿತ್ತು. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಹೆಸರಿನ ಅದರ ಇಳಿಕೆಯ ನೌಕೆ ಚಂದ್ರನ ನೆಲವನ್ನು ಮುಟ್ಟಬೇಕಾಗಿತ್ತು. ನೌಕೆಗೆ ಆದೇಶಗಳನ್ನು ಕಳುಹಿಸುತ್ತಿದ್ದ ನಿಯಂತ್ರಣ ಕೇಂದ್ರ ಇರುವುದು ಪೀಣ್ಯದಲ್ಲಿ, ಹೇರೋಹಳ್ಳಿಯಿಂದ ಕೆಲವೇ ಮೈಲಿಗಳ ದೂರದಲ್ಲಿ. ಲೇತ್ ಯಂತ್ರಗಳ ಸದ್ದು, ಎರಕದ ಮನೆಗಳ ಹೊಗೆ, ಊಟದ ಡಬ್ಬಿ ಹಿಡಿದು ಪಾಳಿಗೆ ಹೋಗುವ ಕಾರ್ಮಿಕರು, ಇವುಗಳ ನಡುವೆ ನಮ್ಮ ದೇಶದ ಆಕಾಶವಿದ್ಯೆ ಬೆಳೆದಿದೆ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು 1972ರಲ್ಲಿ ಪೀಣ್ಯದ ಶೆಡ್ಡುಗಳನ್ನು ಹಿಡಿದು, ಅಲ್ಲಿಯೇ ‘ಆರ್ಯಭಟ’ ಉಪಗ್ರಹವನ್ನು ಕಟ್ಟಿಸಿದರು. ಸ್ಥಳ ಸಾಲದೆ ಒಂದು ಶೌಚಾಲಯವನ್ನೇ ಸಂಕೇತಗಳನ್ನು ಸ್ವೀಕರಿಸುವ ಕೋಣೆಯನ್ನಾಗಿ ಮಾರ್ಪಡಿಸಿದ್ದರೆಂದು ಹೇಳುತ್ತಾರೆ. 1975ರ ಏಪ್ರಿಲ್ 19ರಂದು ಆ ಉಪಗ್ರಹ ಸೋವಿಯತ್ ರಾಕೆಟ್ಟಿನ ಮೇಲೆ ಏರಿಹೋಯಿತು. ಶೆಡ್ಡಿನಿಂದ ಆಕಾಶಕ್ಕೆ ದಾರಿ ಬಿದ್ದದ್ದು ಪೀಣ್ಯದಲ್ಲಿ. ಅದರ ನೆರೆಯ ಬಡಾವಣೆಯಲ್ಲಿ ಮನೆಯಿಂದ ಬಸ್ ನಿಲ್ದಾಣಕ್ಕೆ ದಾರಿಯಿಲ್ಲವೆಂದು ತೋರಿಸಲು ಬಾದಲ್ ಅವರಿಗೆ ಒಂದು ನಿಮಿಷದಷ್ಟು ಚಲನಚಿತ್ರ ಸಾಕಾಯಿತು.

ಇನ್ನು ಕುಶಲಕರ್ಮದ ಮಾತು. ಗುಂಡಿಬಿದ್ದ ಡಾಂಬರು ರಸ್ತೆಯನ್ನು ನಾವು ಚಂದ್ರನೆಂದು ನಂಬಿದ್ದು ಹೇಗೆ? ಭೂಮಿಯ ಮೇಲಿನ ಮರುಭೂಮಿಯನ್ನು ಬರೆಯುವಾಗ ಚಿತ್ರಕಾರನಿಗೆ ಗಾಳಿಯ ಸಹಾಯವುಂಟು. ದೂರದ ದಿಬ್ಬ ನೀಲಿಯಾಗಿ ಮಸುಕಾಗುತ್ತದೆ, ಹತ್ತಿರದ ದಿಬ್ಬ ಕೆಂಪಾಗಿ ನಿಚ್ಚಳವಾಗಿರುತ್ತದೆ. ನಾನು ಮೊದಲು ಇಡೀ ಹಲಗೆಗೆ ಬರ್ಂಟ್ ಸಿಯೆನ್ನಾ ಬಣ್ಣವನ್ನು ತೆಳ್ಳಗೆ ಬಳಿದು ಒಣಗಿಸುತ್ತೇನೆ. ಮೇಲೆ ಹಳದಿ ಓಕರ್ ಮತ್ತು ಬಿಳಿ. ದೂರದ ದಿಬ್ಬಗಳಿಗೆ ಒಂದಿಷ್ಟು ಅಲ್ಟ್ರಾಮರೀನ್ ಬೆರೆಸಿದರೆ ಹತ್ತು ಮೈಲಿ ತಾನಾಗಿಯೇ ಹಿಂದೆ ಸರಿಯುತ್ತದೆ. ಚಂದ್ರನ ಮೇಲೆ ಗಾಳಿಯಿಲ್ಲ. ಅಲ್ಲಿ ದೂರದ ಬೆಟ್ಟವೂ ಕಾಲ ಬಳಿಯ ಕಲ್ಲಿನಷ್ಟೇ ಸ್ಪಷ್ಟ, ನೆರಳು ಶುದ್ಧ ಕಪ್ಪು. ರಾತ್ರಿಯ ಕತ್ತಲೆ ಹೇರೋಹಳ್ಳಿಯ ಮನೆಗಳನ್ನೂ ತಂತಿಕಂಬಗಳನ್ನೂ ದೂರದ ಮಬ್ಬನ್ನೂ ಅಳಿಸಿಹಾಕಿ, ಓರೆಯಾಗಿ ಬಿದ್ದ ಬೆಳಕನ್ನೂ ಕುಳಿಯ ಅಂಚಿನ ನೆರಳನ್ನೂ ಮಾತ್ರ ಉಳಿಸಿತು. ಚಿತ್ರಕಾರನ ಮುಖ್ಯ ವಿದ್ಯೆ ಯಾವುದನ್ನು ಬಿಡಬೇಕೆಂದು ಬಲ್ಲುದು. ಆ ವಿದ್ಯೆ ಇಲ್ಲಿ ಎದ್ದು ಕಾಣುತ್ತದೆ.

ವಿಜ್ಞಾನಿಗಳೂ ಇದೇ ವಿದ್ಯೆಯನ್ನು ಬೇರೆ ಕಾರಣಕ್ಕಾಗಿ ಪ್ರಯೋಗಿಸಿದ್ದರು. ವೈಟ್‌ಫೀಲ್ಡಿನ ದಾರಿಯಲ್ಲಿರುವ ಮಾರತ್ತಹಳ್ಳಿಯ ಬಳಿ ಇಸ್ರೋ ಸಂಸ್ಥೆಯ ಆವರಣವೊಂದರಲ್ಲಿ ಚಂದ್ರನ ನೆಲವನ್ನೇ ಹಾಸಿದರು. ತಮಿಳುನಾಡಿನ ಸಿತ್ತಂಪೂಂಡಿಯ ಕಡೆ ಸಿಗುವ ಅನಾರ್ಥೊಸೈಟ್ ಶಿಲೆ ಚಂದ್ರನ ಮಣ್ಣನ್ನು ಹೋಲುತ್ತದೆ. ಅದನ್ನು ಪುಡಿಮಾಡಿ ತಂದು, ನೌಕೆಯ ಕಾಲುಗಳನ್ನೂ ರೋವರಿನ ಗಾಲಿಗಳನ್ನೂ ಅದರ ಮೇಲೆ ಪರೀಕ್ಷಿಸಿದರು. ಐಟಿ ಕಂಪನಿಗಳ ಗಾಜಿನ ಗೋಪುರಗಳ ಮಗ್ಗುಲಲ್ಲಿ ಇಂಥ ಒಂದು ಚಂದ್ರನ ಮರುಭೂಮಿಯಿತ್ತೆಂಬುದು ಆ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟೋ ಮಂದಿಗೆ ತಿಳಿಯದು.

ಅಕ್ರಿಲಿಕ್ ಬಣ್ಣಕ್ಕೂ ರಾಜಕೀಯಕ್ಕೂ ಇರುವ ನಂಟು ಹಳೆಯದು. 1930ರ ದಶಕದಲ್ಲಿ ಮೆಕ್ಸಿಕೋದ ಭಿತ್ತಿಚಿತ್ರಕಾರರು ತಮ್ಮ ಚಿತ್ರ ಶ್ರೀಮಂತರ ಹಜಾರದಲ್ಲಿ ಅಲ್ಲ, ಬೀದಿಯ ಗೋಡೆಯ ಮೇಲೆ, ಬಿಸಿಲುಮಳೆಗೆ ಮೈಯೊಡ್ಡಿ ನಿಲ್ಲಬೇಕೆಂದು ಬಯಸಿದರು. ಎಣ್ಣೆಬಣ್ಣಕ್ಕೆ ಆ ತಾಳಿಕೆಯಿಲ್ಲ. ಅವರಲ್ಲಿ ಉಗ್ರನಾದ ಸಿಕ್ವೆರೋಸ್ 1936ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಕಾರ್ಯಾಗಾರವನ್ನು ತೆರೆದು, ಮೋಟಾರು ಗಾಡಿಗಳಿಗೆ ಬಳಿಯುವ ಡೂಕೋ ಬಣ್ಣದಿಂದ ಚಿತ್ರ ಬರೆದು ತೋರಿಸಿದ. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ‘ಡೂಕೋ ಪೇಂಟಿಂಗ್’ ಎನ್ನುವ ಮಾತಿನಲ್ಲಿರುವುದು ಅದೇ ಡೂಕೋ. ಕಾರ್ಖಾನೆಯ ಬಣ್ಣ ಕಲೆಗೆ ಒಗ್ಗಬಲ್ಲುದೆಂದು ಸಿದ್ಧವಾದ ಮೇಲೆ, ನೀರಿನಲ್ಲಿ ಕದಡುವ ಅಕ್ರಿಲಿಕ್ 1950ರ ದಶಕದ ನಡುವಿನಲ್ಲಿ ಚಿತ್ರಕಾರರ ಅಂಗಡಿಗೆ ಬಂದಿತು. ಅದರ ಗುಣ ಸ್ವಾರಸ್ಯವಾದದ್ದು. ಹಸಿಯಾಗಿರುವಾಗ ನೀರಿಗೆ ಬಗ್ಗುತ್ತದೆ. ನೀರು ಆರಿತೆಂದರೆ ರಾಳದ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪೊರೆಯಾಗುತ್ತವೆ, ಆಮೇಲೆ ಎಷ್ಟು ನೀರು ಸುರಿದರೂ ಕರಗುವುದಿಲ್ಲ. ಹತ್ತಿಪ್ಪತ್ತು ನಿಮಿಷಗಳಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸಬೇಕು. ಪತ್ರಿಕೆಯ ವ್ಯಂಗ್ಯಚಿತ್ರಕಾರನ ಕಷ್ಟವೂ ಇದೇ. ಕೆ. ವೆಂಕಟಪ್ಪನವರು ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದಿಟ್ಟ ತಾಳ್ಮೆಗೆ ಈ ಬಣ್ಣ ಹೊಂದುವುದಿಲ್ಲ.

ಬರಡಾದ ನೆಲವನ್ನು ಆಳುವವರ ಮೇಲಣ ದೂರಾಗಿ ಓದುವ ಅಭ್ಯಾಸ ಕನ್ನಡಿಗರಿಗೆ ಹೊಸತಲ್ಲ. ಮರುಭೂಮಿಯೆಂದರೆ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ತಲಕಾಡು. ಕಾವೇರಿಯ ದಡದಲ್ಲಿ, ಹಸಿರು ಗದ್ದೆಗಳ ನಡುವೆ, ದೇವಾಲಯಗಳನ್ನು ನುಂಗಿದ ಮರಳಿನ ದಿಣ್ಣೆಗಳು. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿಯ ಅಣೆಕಟ್ಟೆ ಆದ ಮೇಲೆ ನದಿಯ ಪಾತ್ರದಲ್ಲಿ ತೆರೆದುಬಿದ್ದ ಮರಳನ್ನು ಗಾಳಿ ಹೊತ್ತು ತಂದಿತೆಂಬುದು ಭೂವಿಜ್ಞಾನಿಗಳ ಒಂದು ವಿವರಣೆ. ಜನರು ಹೇಳುವ ಕಥೆಯಲ್ಲಿ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡರು, ಒಡವೆಗಾಗಿ ಬೆನ್ನಟ್ಟಿಸಿಕೊಂಡ ಅಲಮೇಲಮ್ಮ ಶಪಿಸಿ ನದಿಗೆ ಹಾರಿದಳು. ಕಥೆಯ ಐತಿಹಾಸಿಕ ಸತ್ಯವನ್ನು ವಿದ್ವಾಂಸರು ತೂಗಲಿ. ನನಗೆ ಗಮನಾರ್ಹವೆನಿಸುವುದು ಅದರ ತರ್ಕ. ಮರಳು ಸುಮ್ಮನೆ ಬಂದುದಲ್ಲ, ಗೆದ್ದವರು ಮಾಡಿದ ಅನ್ಯಾಯದ ಗುರುತಾಗಿ ಬಂದುದು ಎಂದು ನಾಲ್ಕು ನೂರು ವರ್ಷ ಆ ಅರಸರ ನಾಡಿನಲ್ಲಿಯೇ ಜನ ಹೇಳಿಕೊಂಡು ಬಂದರಷ್ಟೆ!

ಇದಕ್ಕೆ ವಿರುದ್ಧವಾದ ಓದೂ ಒಂದುಂಟು, ಅದು ಗೆದ್ದವರದು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರ ಬಂದಿದ್ದ. 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಪೇಟೆಯೂ ಕೋಟೆಯೂ ಬಿದ್ದವು. ಹೋಮ್ ಬೆಂಗಳೂರನ್ನೂ ಸಾವನದುರ್ಗ ಮೊದಲಾದ ಗಿರಿದುರ್ಗಗಳನ್ನೂ ಬರೆದುಕೊಂಡು, 1794ರಲ್ಲಿ ಲಂಡನ್ನಿನಲ್ಲಿ ಮೈಸೂರಿನ ದೃಶ್ಯಗಳ ಪುಸ್ತಕವನ್ನು ಪ್ರಕಟಿಸಿದ. ಚೆಲುವಾದ ಚಿತ್ರಗಳು, ನಾನು ಮತ್ತೆ ಮತ್ತೆ ನೋಡುವಂಥವು. ಬಂಡೆ, ಆಕಾಶ, ಕೋಟೆಗಳಿಗೆ ಅಲ್ಲಿ ಪ್ರಾಧಾನ್ಯ. ಆದರೆ ಅದೇ 1791ರ ಮೇ ತಿಂಗಳಲ್ಲಿ ಟಿಪ್ಪು ದಾರಿಯುದ್ದಕ್ಕೂ ಮೇವು ಧಾನ್ಯಗಳು ಶತ್ರುವಿನ ಕೈಗೆ ಸಿಗದಂತೆ ಮಾಡಿದ್ದನು. ಕಾರ್ನ್‌ವಾಲಿಸನ ಎತ್ತುಗಳು ಹಸಿವಿನಿಂದ ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಅವನು ಹಿಮ್ಮೆಟ್ಟಬೇಕಾಯಿತು. ಎರಡು ಸೈನ್ಯಗಳ ನಡುವೆ ಸಿಕ್ಕಿ ಊರೂರೇ ಬರಿದಾಗಿದ್ದ ಆ ಹೊತ್ತಿನ ಗೋಳು ಹೋಮನ ಬೆಟ್ಟಗಳಲ್ಲಿ ಇಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಟಿಪ್ಪು ಬರೆಸಿದ 1780ರ ಪೊಳ್ಳಿಲೂರು ಕದನದ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಒಂದಂಗುಲ ನೆಲವೂ ಖಾಲಿಯಿಲ್ಲ. ಎಲ್ಲೆಲ್ಲಿಯೂ ಕುದುರೆ, ಆನೆ, ಕತ್ತಿ, ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ. ಆ ಚಿತ್ರವೂ ಒಂದು ಪಕ್ಷದ ಮಾತೇ. ಆದರೆ ಪಕ್ಷವನ್ನು ಅದು ಮರೆಮಾಚುವುದಿಲ್ಲ. ನಿಸರ್ಗದ ಮರೆಯಲ್ಲಿ ನಿಂತು ಮಾತನಾಡುವ ಚಿತ್ರದ ಬಗ್ಗೆ ನಾವು ಹೆಚ್ಚು ಎಚ್ಚರದಿಂದಿರಬೇಕೆಂದು ನನ್ನ ಅಭಿಪ್ರಾಯ.

ಬಾದಲ್ ಅವರ ಚಂದ್ರ ಕಾಣಿಸಿಕೊಂಡ ಮರುದಿನವೇ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಯಂತ್ರಗಳು ಹೇರೋಹಳ್ಳಿಗೆ ಬಂದು ಗುಂಡಿಗಳನ್ನು ಮುಚ್ಚತೊಡಗಿದವು. ಅವರಿಗೆ ಇದು ಮೊದಲ ಅನುಭವವಲ್ಲ. 2015ರಲ್ಲಿ ಸುಲ್ತಾನ್‌ಪಾಳ್ಯದ ನೀರು ತುಂಬಿದ ಗುಂಡಿಯೊಂದರಲ್ಲಿ ನಿಜಗಾತ್ರದ ಮೊಸಳೆಯನ್ನು ಮಾಡಿ ಬಿಟ್ಟಾಗಲೂ ಆಡಳಿತ ಎಚ್ಚೆತ್ತಿತ್ತು. ಸಾರ್ಥಕವಾದೊಡನೆ ಅಳಿದುಹೋಗುವ ಕಲೆ ಇದು. ಡಾಂಬರು ಬಿತ್ತೆಂದರೆ ಚಿತ್ರವಿಲ್ಲ. ರಾಜಕೀಯ ಟೀಕೆಯ ಶ್ರೇಷ್ಠ ಮಾದರಿ ಇದೆಂದು ಹಲವರು ಹೊಗಳಿದರು. ನಾನೂ ಒಪ್ಪುತ್ತೇನೆ, ಆದರೆ ಒಂದು ಸಂಕೋಚದಿಂದ. ಅರ್ಜಿಗೆ ಕದಲದ ಯಂತ್ರ ನಗೆಗೆ ಕದಲಿತೆಂದರೆ, ನಗಿಸಬಲ್ಲವರಿಲ್ಲದ ಬೀದಿಗಳ ಪಾಡೇನು? ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ ತಮ್ಮ ಶ್ರೀಸಾಮಾನ್ಯನನ್ನು ಚಂದ್ರನ ಮೇಲೆ ಬದುಕಲು ಯೋಗ್ಯ ವ್ಯಕ್ತಿಯೆಂದು ವಿಜ್ಞಾನಿಗಳ ಮುಂದೆ ನಿಲ್ಲಿಸಿದ್ದರು, ನೀರು, ಅನ್ನ, ನೆರಳು ಏನೂ ಇಲ್ಲದೆ ಬಾಳಬಲ್ಲವನೆಂಬ ಕಾರಣಕ್ಕೆ. ಅವನು ಅಲ್ಲಿಯೂ ಬಾಯಿ ಬಿಡಲಿಲ್ಲ. ಹೇರೋಹಳ್ಳಿಯ ಗಗನಯಾತ್ರಿಯೂ ಬಾಯಿ ಬಿಡುವುದಿಲ್ಲ. ಯಾರ ಹೆಸರನ್ನೂ ಎತ್ತದಿರುವುದರಲ್ಲಿಯೇ ಎರಡು ಚಿತ್ರಗಳ ಬಲವೂ ಅಡಗಿದೆ.

ನಗೆಗೆ ದಕ್ಕದ ಬರಡಿನ ಒಂದು ಸಂಗತಿಯನ್ನೂ ಹೇಳಬೇಕಾಗಿದೆ. ಚಂದ್ರಯಾನ–2ರ ನೌಕೆಯ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ 2016ರಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಕುಳಿಗಳನ್ನು ತೋಡಿಸಿತು, ಅವುಗಳ ಮೇಲೆ ವಿಮಾನ ಹಾರಿಸಿ ನೋಡಿತು. ಆ ಕುಳಿಗಳಿದ್ದ ಪ್ರದೇಶ ಅಮೃತಮಹಲ್ ಕಾವಲಿನ ಸೀಮೆ. ಮೈಸೂರು ಅರಸರ, ಹೈದರ್ ಟಿಪ್ಪುಗಳ ಕಾಲದಿಂದ ಸೈನ್ಯದ ಎತ್ತುಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು ಅದು. ಹೋಮನೊಡನೆ ಬಂದ ಸೈನ್ಯವನ್ನು ಕಾಡಿದ ಟಿಪ್ಪುವಿನ ಫಿರಂಗಿಗಳನ್ನು ಎಳೆದದ್ದು ಇಂಥ ಕಾವಲುಗಳಲ್ಲಿ ಮೇಯ್ದ ರಾಸುಗಳು. ಕುರಿಗಳನ್ನು ಸಾಕಿ ಕಂಬಳಿ ನೇಯುವವರಿಗೆ ಈಚಿನವರೆಗೂ ಅದೇ ಆಸರೆ. ಉಳ್ಳಾರ್ತಿ, ಕುದಾಪುರ ಮೊದಲಾದ ಕಡೆ ಸುಮಾರು 10,000 ಎಕರೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಬೇಲಿಗಳೆದ್ದವು, ಹಳ್ಳಿಗರು ಪ್ರತಿಭಟಿಸಿದರು, ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ಆ ವಿಜ್ಞಾನಸಂಸ್ಥೆಗಳ ಹಿರಿಮೆಯನ್ನು ನಾನು ಅಲ್ಲಗಳೆಯುವವನಲ್ಲ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ–3 ಚಂದ್ರನ ಮೇಲೆ ಇಳಿದು, ಪೀಣ್ಯದ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಎದ್ದು ನಿಂತಾಗ ನನ್ನ ಕಣ್ಣೂ ಒದ್ದೆಯಾಗಿತ್ತು. ಆದರೂ ಕಂದಾಯದ ಭಾಷೆಯಲ್ಲಿ ‘ಬಂಜರು’ ಎಂಬ ಪದ ಮಾಡುವ ಕೆಲಸ ಹೋಮನ ಕುಂಚ ಮಾಡಿದ ಕೆಲಸವೇ. ಅದು ಮೊದಲು ಮನುಷ್ಯರನ್ನು ಚಿತ್ರದಿಂದ ತೆಗೆಯುತ್ತದೆ. ಆಮೇಲೆ ನೆಲ ಖಾಲಿಯಾಗಿರುವುದನ್ನು ತೋರಿಸುತ್ತದೆ.

ಚಳ್ಳಕೆರೆಯ ಕಡೆಯ ಆ ಕಾವಲನ್ನು ಈಗ ನಾನು ದೊಡ್ಡ ಹಲಗೆಯೊಂದರ ಮೇಲೆ ಬರೆಯುತ್ತಿದ್ದೇನೆ. ಬೇಸಗೆಯಲ್ಲಿ ದೂರದಿಂದ ನೋಡಿದವರಿಗೆ ಅದು ಮರುಭೂಮಿಯಂತೆಯೇ ತೋರುತ್ತದೆ, ಒಣಗಿದ ಹುಲ್ಲಿನ ಬಣ್ಣ ಹಳದಿ ಓಕರಿಗೆ ತೀರ ಹತ್ತಿರ. ಅದು ಮರಳಲ್ಲ, ಹುಲ್ಲು ಎಂದು ಕಾಣಿಸಬೇಕಾದರೆ ಬಣ್ಣ ಆರುವ ಮೊದಲೇ ಕುಂಚದ ಹಿಂತುದಿಯಿಂದ ಒಂದೊಂದೇ ಗರಿಯನ್ನು ಗೀರಿ ಎತ್ತಬೇಕು. ಬಲಗಡೆಯ ಮೂಲೆಯಲ್ಲಿ ಒಬ್ಬ ಕುರುಬನನ್ನೂ ಅವನ ಹಿಂಡನ್ನೂ ಮೊದಲ ದಿನವೇ ಬರೆದಿಟ್ಟಿದ್ದೇನೆ. ಅಕ್ರಿಲಿಕ್ ಒಣಗಿದೆ, ಇನ್ನು ತೊಳೆದರೆ ಹೋಗುವುದಿಲ್ಲ.